ತಟ್ಟೆ ಬಡಿಯದ ಶನಿವಾರ

ನಮ್ಮೂರಿನಲ್ಲಿ ತರಕಾರಿ ಮಾರುವವರು ಕೂಗುವುದಿಲ್ಲ. ಗಾಡಿಯನ್ನು ಅರಳಿಕಟ್ಟೆಯ ಪಕ್ಕ ನಿಲ್ಲಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಯಾರದೋ ಕಿವಿಯಲ್ಲಿ ಗುಟ್ಟು ಹೇಳುವವರ ಹಾಗೆ "ಬದನೆಕಾಯಿ, ಎಳೇ ಬೆಂಡೆಕಾಯಿ" ಎಂದು ಪಿಸುಗುಟ್ಟುತ್ತಾರೆ. ಅಷ್ಟು ಸಾಕು. ಮೇಲಿನ ಬೀದಿಯ ಕೊನೆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವಳಿಗೂ ಅದು ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಪಿಸುಮಾತು ಊರೆಲ್ಲ ಸುತ್ತುತ್ತದೆ. ಜೋರಾಗಿ ಆಡಿದ ಮಾತು ಆಡಿದ ಕೋಣೆಯ ಹೊಸ್ತಿಲು ದಾಟುವುದಿಲ್ಲ.

ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ತಾಯಂದಿರು ಗಂಟಲು ಹರಿಯುವಂತೆ ಜೋಗುಳ ಹಾಡುತ್ತಾರೆ, ಮಕ್ಕಳು ಹಾಯಾಗಿ ನಿದ್ದೆ ಹೋಗುತ್ತವೆ. ಹೊಸದಾಗಿ ಮದುವೆಯಾದವರು ಬಾಗಿಲು ಹಾಕಿಕೊಂಡು "ನೀನಂದ್ರೆ ನಂಗಿಷ್ಟ" ಎಂದು ಒಬ್ಬರ ಮುಖಕ್ಕೊಬ್ಬರು ಅರಚುತ್ತಾರೆ. ಜಗಳವಾಡುವವರು ಮಾತ್ರ ಊರಿಗೆಲ್ಲ ತಿಳಿಯಲಿ ಎಂದು ಬೇಕಂತಲೇ ದನಿ ತಗ್ಗಿಸುತ್ತಾರೆ. ಚುನಾವಣೆ ಬಂದಾಗ ಅಭ್ಯರ್ಥಿಗಳೆಲ್ಲ ಒಟ್ಟಿಗೆ ಪಿಸುಗುಟ್ಟತೊಡಗಿದರೆ ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಗತಿಯಿಲ್ಲ.

ಇಂಥ ಊರಿನಲ್ಲಿ ಮರ್ಯಾದೆ ಉಳಿಯಬೇಕಾದರೆ ಒಂದು ಕಟ್ಟಳೆ ಬೇಕಲ್ಲ, ಅದಕ್ಕೇ ತಟ್ಟೆ. ನಮ್ಮಲ್ಲಿ ಪ್ರತಿ ಮನೆಯ ಅಡುಗೆಮನೆಯಲ್ಲೂ ಗೋಡೆಯ ಮೊಳೆಗೆ ಒಂದು ಹಳೆಯ ತಟ್ಟೆ, ಒಂದು ಸೌಟು ನೇತುಹಾಕಿರುತ್ತಾರೆ. ನಮಗಲ್ಲದ ಪಿಸುಮಾತು, ಅದರಲ್ಲೂ ಮೈಗೆ ಸಂಬಂಧಪಟ್ಟ ಮಾತು ಮನೆಯೊಳಗೆ ಬಂತೆಂದರೆ, ಹತ್ತಿರವಿದ್ದವರು ಎದ್ದು ತಟ್ಟೆ ಬಡಿಯಬೇಕು. ಆ ಸದ್ದಿನಲ್ಲಿ ಮಾತು ಮುಳುಗಿಹೋಗುತ್ತದೆ. ತಟ್ಟೆಯ ಸದ್ದು ಜೋರಾದ್ದರಿಂದ ಅದೂ ಆ ಮನೆಯಲ್ಲೇ ಉಳಿಯುತ್ತದೆ. ಪಕ್ಕದ ಮನೆಯವರು ನಿಜವಾಗಿ ಬಡಿದರೋ, ಸೌಟು ಹಿಡಿದು ಸುಮ್ಮನೆ ಕೇಳಿಸಿಕೊಂಡರೋ ನಮಗೆ ಗೊತ್ತಾಗುವುದಿಲ್ಲ. ಬಡಿದಿರುತ್ತಾರೆ ಎಂದು ನಂಬಿಕೊಂಡು ಬಾಳುತ್ತೇವೆ.

ನಾನು ಈ ಊರಿನ ಆರೋಗ್ಯ ಉಪಕೇಂದ್ರದ ನರ್ಸು, ಹೆಸರು ನಿಂಗಾಜಮ್ಮ. ಹುಟ್ಟಿದ್ದು, ಬೆಳೆದದ್ದು, ಕೊಟ್ಟದ್ದು ಎಲ್ಲ ಇಲ್ಲೇ. ನನ್ನದು ಹುಟ್ಟಿನಿಂದಲೇ ದಪ್ಪ ಗಂಟಲು, ಪಿಸುಗುಟ್ಟಲು ಬಾರದು. ಅದಕ್ಕೇ ಊರಿನವರಿಗೆ ನನ್ನ ಮೇಲೆ ನಂಬಿಕೆ ಜಾಸ್ತಿ. ಮೂಲವ್ಯಾಧಿಯಿಂದ ಹಿಡಿದು ಮನಸ್ಸಿನ ಬೇನೆಯವರೆಗೆ ಎಲ್ಲವನ್ನೂ ಬಂದು ನನ್ನ ಮುಂದೆ ಕೂಗಿ ಹೇಳಿ, ಹಗುರಾಗಿ ಹೋಗುತ್ತಾರೆ. ಹರೆಯದ ಮಕ್ಕಳು ಮಾತ್ರ ಬರುತ್ತಿರಲಿಲ್ಲ.

ಬರುವುದಾದರೂ ಹೇಗೆ? ನಾಚಿಕೆಯಾದಾಗ ದನಿ ತಾನಾಗಿ ಇಳಿಯುತ್ತದೆ. ಇಳಿದರೆ ಊರಿಗೆಲ್ಲ ಕೇಳುತ್ತದೆ. ಆದ್ದರಿಂದ ಬಾಯಿ ಬಿಡದಿರುವುದೇ ವಾಸಿ ಎಂದು ಈ ಊರಿನ ಮಕ್ಕಳು ತಲೆತಲಾಂತರದಿಂದ ಕಲಿತುಬಿಟ್ಟಿವೆ. ಅವಕ್ಕೆ ತಿಳಿದದ್ದೆಲ್ಲ ಗಾಳಿಯಲ್ಲಿ ಬಂದ ಅರ್ಧ ಮಾತುಗಳು. "ಗಂಡು ಹೆಣ್ಣು ಹತ್ತಿರ ಬಂದ್ರೆ" ಎನ್ನುವವರೆಗೆ ಕೇಳುತ್ತದೆ, ಅಷ್ಟರಲ್ಲಿ ಅವ್ವ ಎದ್ದು ತಟ್ಟೆ ಬಡಿಯುತ್ತಾಳೆ. ಉಳಿದ ಅರ್ಧವನ್ನು ಮಕ್ಕಳು ತಾವೇ ಬೇಯಿಸಿಕೊಳ್ಳುತ್ತಾರೆ, ಬೀದಿಗೊಂದು ಅಡುಗೆ. ಕೆಳಗಿನ ಬೀದಿಯಲ್ಲಿ ಒಂದೇ ಲೋಟದಲ್ಲಿ ನೀರು ಕುಡಿದರೆ ಮಗುವಾಗುತ್ತದೆ. ಮೇಲಿನ ಬೀದಿಯಲ್ಲಿ ಒಂದೇ ಕೊಡೆಯಡಿ ನಡೆದರೆ ಸಾಕು. ಹುಡುಗರು ಬೇಯಿಸಿಕೊಂಡದ್ದನ್ನಂತೂ ಇಲ್ಲಿ ಬರೆಯುವುದು ಬೇಡ, ಓದಿದವರು ಊಟ ಬಿಟ್ಟಾರು.

ನಗುವ ವಿಷಯವಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಏನೂ ತಿಳಿಯದ ಹುಡುಗಿಯರಿಗೆ ಹೊಟ್ಟೆ ಬರುತ್ತಿತ್ತು. ಬರದಿದ್ದವರಿಗೂ, ಬಂದೀತೆಂಬ ಭಯಕ್ಕೇ, ಹದಿನಾರಕ್ಕೆ ಹಿತ್ತಿಲಲ್ಲಿ ಚಪ್ಪರ ಹಾಕಿ ತಾಳಿ ಕಟ್ಟಿಸುತ್ತಿದ್ದರು. ಅಂಥ ಒಬ್ಬ ಹುಡುಗಿ ಹೆರಿಗೆ ನೋವಿನಲ್ಲಿ ನನ್ನ ಕೈ ಹಿಡಿದುಕೊಂಡು, "ಸಿಸ್ಟರ್, ಮಗು ಎಲ್ಲಿಂದ ಆಚೆ ಬರುತ್ತೆ?" ಎಂದು ಕೇಳಿದಳು. ಅವತ್ತು ಮನೆಗೆ ಬಂದು ಕುಳಿತವಳಿಗೆ ಅನ್ನ ಸೇರಲಿಲ್ಲ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಆಮೇಲೆ ಹದಿಹರೆಯದವರ ಆರೋಗ್ಯದ ಕಾರ್ಯಕ್ರಮ ಎಂದು ಮೇಲಿನಿಂದ ಒಂದು ಯೋಜನೆ ಬಂತು. ತರಬೇತಿ ಕೊಡಲು ಹೊರಗಿನಿಂದ ಬಂದ ಮೇಡಂ ಬಹಳ ಒಳ್ಳೆಯವರು. "ಮಕ್ಕಳ ಹತ್ತಿರ ಕೂತ್ಕೊಂಡು, ಮೆತ್ತಗೆ, ಪಿಸುದನೀಲಿ ಮಾತಾಡ್ಬೇಕು, ಆಗ ವಿಶ್ವಾಸ ಹುಟ್ಟುತ್ತೆ" ಎಂದರು. ನಾನು ಹೂಂ ಎಂದೆ. ಅವರನ್ನು ಬಸ್ಸು ಹತ್ತಿಸಿ ಬಂದು ಶಾಲೆಯ ಒಂದು ಕೋಣೆಯಲ್ಲಿ ಹುಡುಗಿಯರನ್ನು ಕೂರಿಸಿ, ಬಾಗಿಲು ಹಾಕಿ, "ಎಲ್ರೂ ಜೋರಾಗಿ ಹೇಳಿ, ಮುಟ್ಟು" ಎಂದು ಕೂಗಿದೆ. ಬಾಯಿಗಳು ತೆರೆದವು, ದನಿಗಳು ಪಾತಾಳಕ್ಕಿಳಿದವು. ಮಾರನೆಯ ದಿನ ಹೆಡ್ಮಾಸ್ತರರು ನನ್ನನ್ನು ಕರೆದು, "ನಮ್ಮನೇಲಿ ಬಡ್ದೂ ಬಡ್ದೂ ಸೌಟೇ ಸೊಟ್ಟಗಾಯ್ತು ತಾಯಿ, ಬೇರೆಲ್ಲಾದ್ರೂ ಮಾಡ್ಕೊಳ್ಳಿ" ಎಂದು ಕೈಮುಗಿದರು.

ದನಿ ತಗ್ಗಿಸಲು ಸಾಧ್ಯವೇ ಇಲ್ಲದ ಜಾಗ ಬೇಕಾಗಿತ್ತು. ಬುಡೇನಣ್ಣನ ಹಿಟ್ಟಿನ ಗಿರಣಿ ಹೊಳೆದದ್ದು ಹಾಗೆ. ಆ ಮಿಷನ್ನು ಓಡುವಾಗ ಒಳಗಿದ್ದವರು ಕಿರುಚದೆ ಒಂದು ಮಾತೂ ಆಡುವಂತಿಲ್ಲ. ಶನಿವಾರ ಮಧ್ಯಾಹ್ನ ಒಂದು ತಾಸು ಬಿಟ್ಟುಕೊಡು ಎಂದು ಕೇಳಿದೆ. ಬುಡೇನಣ್ಣ ಗಡ್ಡದ ಮೇಲಿನ ಹಿಟ್ಟು ಕೊಡವಿಕೊಂಡು ಯೋಚಿಸಿದ.

"ಖಾಲಿ ಓಡ್ಸಿದ್ರೆ ಕಲ್ಲು ಸವೀತದೆ ಸಿಸ್ಟರ್. ಒಬ್ಬೊಬ್ರು ಒಂದೊಂದು ಸೇರು ರಾಗಿ ತರೋಕೆ ಹೇಳಿ. ನಾನು ಆಚೆ ಜಗಲಿ ಮೇಲೆ ಬೆನ್ನು ಹಾಕ್ಕೊಂಡು ಕೂತಿರ್ತೀನಿ. ನಂಗೂ ಮೂರು ಹೆಣ್ಮಕ್ಳವೆ."

ರಾಗಿಯ ಉಪಾಯದಿಂದ ಇನ್ನೊಂದು ಅನುಕೂಲವಾಯಿತು. ಹುಡುಗಿಯರಿಗೆ ಮನೆಯಿಂದ ಹೊರಡಲು ನೆಪ ಸಿಕ್ಕಿತು. ಹುಡುಗರಿಗೆ ಭಾನುವಾರ ಎಂದು ಗೊತ್ತು ಮಾಡಿದೆವು, ಅವರು ಜೋಳ ತಂದರು. ಮನೆಮನೆಯಲ್ಲಿ ಹಿಟ್ಟು ಡಬ್ಬ ತುಂಬಿ ಚೆಲ್ಲತೊಡಗಿದರೂ ಯಾವ ತಾಯಿಯೂ ಇಷ್ಟೊಂದು ಹಿಟ್ಟು ಯಾಕೆ ಎಂದು ಕೇಳಲಿಲ್ಲ. ಗೊತ್ತಿತ್ತೋ ಏನೋ. ಮೊದಲನೆಯ ಶನಿವಾರ ಒಬ್ಬಳು ಕಣ್ಣು ಮುಚ್ಚಿಕೊಂಡು, ಬೆಲ್ಟಿನ ಸದ್ದನ್ನೂ ಮೀರಿಸಿ "ಮುಟ್ಟು" ಎಂದು ಕಿರುಚಿದಳು. ಕಣ್ಣು ಬಿಟ್ಟು ನೋಡಿದರೆ ಏನೂ ಆಗಿರಲಿಲ್ಲ, ಗೋಡೆ ಬಿದ್ದಿರಲಿಲ್ಲ. ಹುಬ್ಬು, ಜಡೆ, ಮೂಗುಬೊಟ್ಟು ಎಲ್ಲದರ ಮೇಲೂ ಹಿಟ್ಟು ಕೂತಿದ್ದ ಆ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಪ್ರಶ್ನೆಗಳು ಬಂದವೋ ಬಂದವು. ಬಿಳಿ ಹೋಗುವುದು ಯಾಕೆ, ಎದೆ ಒಂದು ಕಡೆ ಸಣ್ಣ ಯಾಕೆ, ಬೇಡ ಎಂದರೂ ಬೆನ್ನು ಬೀಳುವವನಿಗೆ ಏನು ಹೇಳಬೇಕು, ಕಾಂಡೋಮ್ ಎಂದರೆ ಏನು, ಹುಡುಗರಿಗೂ ನಮ್ಮ ಹಾಗೇ ಭಯವಾಗುತ್ತದೆಯೇ. ನಾನು ಎಲ್ಲಕ್ಕೂ ಕೂಗಿ ಕೂಗಿ ಉತ್ತರ ಹೇಳಿ, ಮನೆಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಿದ್ದೆ. ಅಷ್ಟು ಸಂತೋಷ ನನಗೆ ಕೆಲಸದಲ್ಲಿ ಬೇರೆಂದೂ ಆಗಿರಲಿಲ್ಲ.

ಇಷ್ಟಾದರೂ ಬಾಯಿ ಬಿಡದವಳು ಒಬ್ಬಳಿದ್ದಳು, ಕನ್ನಿಕಾ. ಹದಿನಾರು ತುಂಬಿದ, ಮೊದಲ ಪಿಯುಸಿಯ ಹುಡುಗಿ. ತಾಯಿ ದೇವೀರಮ್ಮ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು, ತಂದೆ ಲಾರಿ ಓಡಿಸಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವವನು. ದೇವೀರಮ್ಮನೆಂದರೆ ತಟ್ಟೆಗೆ ಹೆಸರಾದವಳು. ಮೈಯ ವಿಷಯದ ಒಂದಕ್ಷರ ಗಾಳಿಯಲ್ಲಿ ಬಂದರೂ ಸಾಕು, ಸಾರಿನ ದೊಡ್ಡ ಸೌಟಿನಿಂದ ಹಾಗೆ ಬಡಿಯುತ್ತಿದ್ದಳಂತೆ, ಅವಳ ಮನೆಯ ತಟ್ಟೆಯ ನಡುವೆ ತೂತೇ ಬಿದ್ದಿತ್ತು. ಅವಳ ಅಣ್ಣ ಮರಿಸ್ವಾಮಿ ತನ್ನ ಮಗನಿಗೆ ಕನ್ನಿಕಾಳನ್ನು ತಂದುಕೊಳ್ಳಬೇಕೆಂದು ವರ್ಷದಿಂದ ಗಂಟುಬಿದ್ದಿದ್ದ. ದೇವೀರಮ್ಮ ಆಗಲ್ಲ ಎನ್ನಲಾರದೆ, ಆಯ್ತು ಎನ್ನಲಾರದೆ, "ಇನ್ನೊಂದಷ್ಟು ಓದ್ಕೊಳ್ಳಲಿ ಅಣ್ಣಯ್ಯ" ಎಂದು ದಿನ ದೂಡುತ್ತಿದ್ದಳು. ಕನ್ನಿಕಾ ಶನಿವಾರ ಶನಿವಾರ ರಾಗಿ ತಂದು, ಬೀಸಿಸಿಕೊಂಡು, ಎಲ್ಲರ ಹಿಂದೆ, ಮಿಷನ್ನಿನ ಸದ್ದಿಗೆ ನನ್ನ ಉತ್ತರಗಳು ಅರ್ಧಂಬರ್ಧ ಮಾತ್ರ ತಲುಪುವ ಕಡೆ, ಗೋಡೆಗೆ ಒರಗಿ ನಿಂತು ಹೋಗುತ್ತಿದ್ದಳು. ಇತ್ತೀಚೆಗೆ ತುಂಬ ಬಿಳಿಚಿಕೊಂಡಿದ್ದಳು, ಅದು ಬರಿಯ ಹಿಟ್ಟಲ್ಲ ಎಂದು ನನಗೆ ಅನುಮಾನ ಬಂದಿತ್ತು.

ಆ ಶನಿವಾರ ಅವಳು ಹಿಂದಿನಿಂದ ಮುಂದಕ್ಕೆ ಬಂದಳು. ಮಿಷನ್ನಿನ ಹತ್ತಿರ, ಸದ್ದು ಎಲ್ಲಿ ಹೆಚ್ಚೋ ಅಲ್ಲಿ ನಿಂತಳು. ಎರಡು ಕೈಯಲ್ಲೂ ಲಂಗವನ್ನು ಬಿಗಿಯಾಗಿ ಹಿಡಿದುಕೊಂಡು ಕಿರುಚಿದಳು.

"ಸಿಸ್ಟರ್! ಕಾಲೇಜಿಂದ ಬರುವಾಗ ಮಳೆ ಬಂತು! ಸುಮಂತ ಅವನ ಕೊಡೇಲಿ ಕರ್ಕೊಂಡು ಬಂದ! ಒಂದೇ ಕೊಡೇಲಿ ಬಂದ್ವಿ! ಕೈ ಹಿಡ್ಕೊಂಡಿದ್ದ, ನಾನೂ ಹಿಡ್ಕೊಂಡಿದ್ದೆ! ಬೇರೆ ಏನೂ ಇಲ್ಲ ಸಿಸ್ಟರ್! ಆವತ್ತಿಂದ..."

ಕರೆಂಟು ಹೋಯಿತು. ಮಿಷನ್ನು ಗರಗರ ಎಂದು ಮೂರು ಸುತ್ತು ಸುತ್ತಿ ನಿಂತಿತು. ಆ ನಿಶ್ಶಬ್ದದಲ್ಲಿ ಬೆಚ್ಚಿಬಿದ್ದ ಹುಡುಗಿಯ ದನಿ ತಾನಾಗಿ ಇಳಿಯಿತು. ಬಾಯಲ್ಲಿದ್ದ ಮಾತು ನಿಲ್ಲಲಿಲ್ಲ.

"...ಎರಡು ತಿಂಗಳಿಂದ ನಂಗೆ ಮುಟ್ಟಾಗಿಲ್ಲ ಸಿಸ್ಟರ್. ನಂಗೆ ಮಗು ಆಗ್ಬಿಡುತ್ತಾ?"

ಹುಡುಗಿಯರೆಲ್ಲ ಬಾಯಿಗೆ ಕೈ ಹಿಡಿದರು. ಕನ್ನಿಕಾಳೂ ಬಾಯಿ ಮುಚ್ಚಿಕೊಂಡಳು, ಆದರೆ ಮಾತು ಆಗಲೇ ಹೊರಟುಹೋಗಿತ್ತು. ಸುಮಂತ, ಕೊಡೆ, ಮಳೆ ಎಲ್ಲ ಗಿರಣಿಯೊಳಗೇ ಉಳಿದಿದ್ದವು. ಊರಿಗೆ ಹೋದದ್ದು ಬಾಲ ಮಾತ್ರ. ಇಷ್ಟು ಕಾಲ ಮೊದಲರ್ಧ ಕೇಳಿ ಉಳಿದದ್ದನ್ನು ಬೇಯಿಸಿಕೊಳ್ಳುತ್ತಿದ್ದ ಊರಿಗೆ ಈಗ ಕೊನೆಯರ್ಧ ಸಿಕ್ಕಿತ್ತು, ಮೊದಲರ್ಧವನ್ನು ಹೇಗೆ ಬೇಯಿಸುತ್ತಾರೆ ಎನ್ನುವುದನ್ನು ನಾನು ಹೇಳಬೇಕಾಗಿಲ್ಲ. ಆ ದನಿ ಯಾರದೆಂದು ತಿಳಿಯದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಬುಡೇನಣ್ಣ ಜಗಲಿಯಿಂದ ಎದ್ದು ಬಾಗಿಲಿಗೆ ಬಂದ. ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನದೇ ತಪ್ಪೆಂಬಂತೆ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿ ನೋಡಿದ.

"ಅವ್ವ ಕೇಳಿಸ್ಕೊಂಡ್ಲು!" ಎಂದು ಕನ್ನಿಕಾ ಈಗ ಕಿರುಚಿದಳು. "ಮಾವ ಕೇಳಿಸ್ಕೊಂಡ!"

"ನಿಮ್ಮವ್ವ ತಟ್ಟೆ ಬಡ್ದಿರ್ತಾಳೆ ಕಣೇ!" ಎಂದು ಪಕ್ಕದವಳು ಸಮಾಧಾನ ಹೇಳಿದಳು. ಅದರಲ್ಲಿ ಅವಳಿಗೇ ನಂಬಿಕೆಯಿರಲಿಲ್ಲ. ಅಂಥ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಬಡಿಯುವ ತಟ್ಟೆಯಿಂದ ಏನು ಪ್ರಯೋಜನ? ಸಂಜೆಯೊಳಗೆ ಮರಿಸ್ವಾಮಿ ಎಲೆ ಅಡಿಕೆ ಹಿಡಿದು ತಂಗಿಯ ಮನೆ ಬಾಗಿಲಲ್ಲಿ ನಿಲ್ಲುತ್ತಾನೆ, ಮಾನ ಉಳಿಸಿಕೊಡುತ್ತೇನೆ ಎನ್ನುತ್ತಾನೆ, ದೇವೀರಮ್ಮನಿಗೆ ದಿನ ದೂಡಲು ಇನ್ನು ನೆಪವಿಲ್ಲ, ಹಿತ್ತಿಲಲ್ಲಿ ಚಪ್ಪರ ಏಳುತ್ತದೆ. ಇದೆಲ್ಲ ನನಗೆ ಅಲ್ಲಿ ನಿಂತ ಹಾಗೇ ಕಣ್ಣಿಗೆ ಕಟ್ಟಿತು.

ಹುಡುಗಿಯ ಭುಜ ಹಿಡಿದು ನನ್ನ ಎಂದಿನ ಗಂಟಲಿನಲ್ಲೇ ಕೇಳಿದೆ. "ನೋಡು ಮಗಾ, ನಿನ್ನ ಪ್ರಶ್ನೆ ಊರಿಗೆ ಹೋಯ್ತು. ಅದನ್ನ ವಾಪಸ್ ತರೋಕೆ ನಂಗಾಗಲ್ಲ. ಉತ್ತರಾನ ನಿಂಗೊಬ್ಬಳಿಗೇ ಹೇಳ್ಲಾ, ಇಲ್ಲಾ ಅದನ್ನೂ ಊರಿಗೆ ಕಳಿಸ್ಲಾ? ನೀನು ಹೆಂಗೆ ಹೇಳ್ತೀಯೋ ಹಂಗೆ."

ಕನ್ನಿಕಾ ತಲೆ ಎತ್ತಿದಳು. ಕೆನ್ನೆಯ ಹಿಟ್ಟಿನ ಮೇಲೆ ಕಣ್ಣೀರು ಇಳಿದು ಎರಡು ಗೆರೆ ಮೂಡಿದ್ದವು.

"ಕಳಿಸಿ ಸಿಸ್ಟರ್" ಎಂದು ಕೂಗಿದಳು. "ಅರ್ಧ ಅಲ್ಲ, ಪೂರ್ತಿ ಕಳಿಸಿ. ಅವನ ಹೆಸರು ಮಾತ್ರ ಬೇಡ."

ಕಳಿಸುವುದೇನೋ ಸರಿ, ನನಗೆ ಪಿಸುಗುಟ್ಟಲು ಬರಬೇಕಲ್ಲ! ಬಾಯಿ ತೆರೆದೆ, ಕಪ್ಪೆ ವಟಗುಟ್ಟಿದ ಹಾಗೆ ಏನೋ ಬಂತು, ಅದು ಗಿರಣಿಯ ಬಾಗಿಲೂ ದಾಟಿರಲಿಕ್ಕಿಲ್ಲ. "ಉಸಿರು ಬಿಡ್ತಾ ಹೇಳಿ ಸಿಸ್ಟರ್, ಗಂಟಲು ಮುಟ್ಟಬೇಡಿ" ಎಂದು ಹುಡುಗಿಯರು ಸುತ್ತ ನಿಂತು ಪಾಠ ಹೇಳಿದರು. ಬುಡೇನಣ್ಣ ಒಂದು ಚೊಂಬು ನೀರು ತಂದುಕೊಟ್ಟ. ಕುಡಿದು, ಎರಡು ಸಲ ಉಸಿರೆಳೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಊರಿನ ಕಿವಿಯಲ್ಲಿ ಮಾತಾಡಿದೆ.

"ನಾನು ನಿಂಗಾಜಮ್ಮ. ಎಲ್ರೂ ಸೌಟು ಕೆಳಗಿಡಿ. ಮಕ್ಕಳಿದ್ರೆ ಅವರೂ ಕೇಳಿಸ್ಕೊಳ್ಳಲಿ. ಈಗೊಂದು ಹುಡುಗಿ ಒಂದು ಪ್ರಶ್ನೆ ಕೇಳಿದ್ಲು. ಧೈರ್ಯ ಇದ್ದಿದ್ದಕ್ಕೆ ಕೇಳಿದ್ಲು. ಅವಳು ಮಾಡಿರೋದು ಇಷ್ಟೇ, ಮಳೇಲಿ ಒಬ್ಬರ ಜೊತೆ ಒಂದು ಕೊಡೇಲಿ ನಡ್ಕೊಂಡು ಬಂದಿರೋದು, ಕೈ ಹಿಡ್ಕೊಂಡಿರೋದು. ಕೈ ಹಿಡಿದ್ರೆ ಮಗು ಆಗಲ್ಲ. ಒಂದೇ ಲೋಟದ ನೀರಿಂದಲೂ ಆಗಲ್ಲ. ಗಂಡು ಹೆಣ್ಣಿನ ಮೈ ಕೂಡಿ, ಗಂಡಿನ ಬೀಜ ಹೆಣ್ಣಿನ ಗರ್ಭ ಸೇರಿದ್ರೆ ಮಾತ್ರ ಆಗೋದು. ಇಷ್ಟು ದಿನ ನಾವು ಮಕ್ಕಳಿಗೆ ಕೇಳಿಸದಂಗೆ ತಟ್ಟೆ ಬಡೀತಿದ್ದದ್ದು ಈ ಒಂದು ಮಾತಿಗೆ.

"ಮುಟ್ಟು ನಿಲ್ಲೋಕೆ ಬೇರೆ ಬೇಕಾದಷ್ಟು ಕಾರಣ ಇದಾವೆ. ರಕ್ತ ಕಮ್ಮಿ ಆದ್ರೆ, ಸರಿಯಾಗಿ ಉಣ್ಣದಿದ್ರೆ, ಪರೀಕ್ಷೆ ಭಯಕ್ಕೆ, ಥೈರಾಯ್ಡ್ ಇದ್ರೆ. ಪರೀಕ್ಷೆ ಮಾಡ್ದೆ ಯಾರೂ ಏನೂ ತೀರ್ಮಾನ ಮಾಡೋಹಂಗಿಲ್ಲ. ಇನ್ನೊಂದು ಮಾತು. ಯಾವ ಹುಡುಗಿಗಾದ್ರೂ ನಿಜವಾಗ್ಲೂ ಹೊಟ್ಟೇಲಿ ನಿಂತಿದ್ರೂ ಅವಳು ಮೊದಲು ಬರ್ಬೇಕಾದ್ದು ನನ್ನ ಬಾಗಿಲಿಗೆ, ಮದುವೆ ಚಪ್ಪರಕ್ಕಲ್ಲ. ನಾನು ಬೈಯಲ್ಲ, ಜೊತೇಲಿ ದೊಡ್ಡಾಸ್ಪತ್ರೆಗೆ ಬರ್ತೀನಿ. ನಿಲ್ಲದ ಹಾಗೆ ತಡೆಯೋ ದಾರೀನೂ ಇದೆ, ಹುಡುಗರಿಗೂ ಹುಡುಗೀರಿಗೂ, ಕೇಳಿದ್ರೆ ಹೇಳ್ತೀನಿ. ಬೇಡ ಅಂತ ಒಬ್ಬರು ಅಂದ್ರೆ ಇನ್ನೊಬ್ಬರು ಅಲ್ಲಿಗೇ ನಿಲ್ಲಿಸ್ಬೇಕು, ಅದನ್ನ ಹುಡುಗರು ನೆನಪಿಟ್ಕೊಳ್ಳಿ. ಹದಿನಾರರ ಮೈ ಇನ್ನೂ ತನಗೇ ಸಾಲದೆ ಬೆಳೀತಾ ಇರುತ್ತೆ. ಅದರ ಮೇಲೆ ಇನ್ನೊಂದು ಜೀವ ಹೊರಿಸ್ಬೇಡಿ. ಅಷ್ಟೇ. ಇನ್ನು ಸೌಟು ತಗೊಳ್ಳೋರು ತಗೊಳ್ಳಿ."

ಮಾತು ಮುಗಿಸಿ ಬಾಗಿಲಾಚೆ ನೋಡಿದೆ. ಹೊರಗೆ ಬೀದಿ ಸುಮ್ಮನಿತ್ತು. ಕೇಳಿದರೋ, ಮೊದಲ ಮಾತಿಗೇ ತಟ್ಟೆ ಬಡಿದು ಮುಳುಗಿಸಿದರೋ ತಿಳಿಯುವ ದಾರಿ ಇರಲಿಲ್ಲ. ಕನ್ನಿಕಾಳನ್ನು ನೇರವಾಗಿ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ. ಗರ್ಭದ ಮಾತೇ ಇರಲಿಲ್ಲ. ರಕ್ತ ಇರಬೇಕಾದುದಕ್ಕಿಂತ ತೀರ ಕಡಿಮೆಯಿತ್ತು. ಭಯಕ್ಕೆ ಹುಡುಗಿ ವಾರಗಟ್ಟಲೆ ಊಟವನ್ನೇ ಸರಿಯಾಗಿ ಮಾಡಿರಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟು, ದೊಡ್ಡಾಸ್ಪತ್ರೆಯ ಡಾಕ್ಟರಿಗೂ ತೋರಿಸೋಣ ಎಂದು ಹೇಳಿ, ಮನೆಯವರೆಗೆ ಬಿಟ್ಟುಬಂದೆ. ದೇವೀರಮ್ಮ ಬಾಗಿಲು ತೆರೆದಳು. ನಾನು ಕೂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ನನಗೆ ಧೈರ್ಯವೇ ಉಡುಗಿಹೋಯಿತು.

ಮನೆಗೆ ಬಂದರೆ ನಮ್ಮ ಯಜಮಾನರು ಅಡುಗೆಮನೆಯಲ್ಲಿ ತಟ್ಟೆ ಮಗುಚಿಟ್ಟುಕೊಂಡು ಅದರ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ತಟ್ಟೆ ಬಡೀಲಿಲ್ವಾ?" ಎಂದೆ.

"ಸೌಟು ಸಿಗಲಿಲ್ಲ ಕಣೇ" ಎಂದರು. ಸೌಟು ಅವರ ಮೂಗಿನ ನೇರಕ್ಕೆ ಮೊಳೆಯಲ್ಲಿ ನೇತಾಡುತ್ತಿತ್ತು.

ಮಾರನೆಯ ದಿನ ತರಕಾರಿ ಗಾಡಿಯ ಮುಂದೆ ನಿಂತಿದ್ದ ನನ್ನ ಹತ್ತಿರ ಒಬ್ಬಳು ಬಂದು, "ನಿನ್ನೆ ನಮ್ಮನೇಲಿ ಸೌಟೇ ಸಿಗಲಿಲ್ಲ ಸಿಸ್ಟರ್" ಎಂದು ಕಿವಿಯ ಹತ್ತಿರ ಕಿರುಚಿದಳು. ಹೆಡ್ಮಾಸ್ತರರ ಸೌಟು ಸೊಟ್ಟಗಾದದ್ದು ಇನ್ನೂ ರಿಪೇರಿಯಾಗಿರಲಿಲ್ಲವಂತೆ. ಬುಡೇನಣ್ಣನ ಹೆಂಡತಿ ಸೌಟನ್ನು ನೆರೆಮನೆಗೆ ಕೊಟ್ಟಿದ್ದಳಂತೆ, ನೆರೆಮನೆಯವಳು ಇನ್ನೊಬ್ಬಳಿಗಂತೆ. ಹಲ್ಲಿಲ್ಲದ ಅಜ್ಜಿಯೊಬ್ಬರು ಕೋಲೂರಿಕೊಂಡು ಉಪಕೇಂದ್ರಕ್ಕೆ ಬಂದು, "ಆ ಥೈರಾಡು ಅಂದ್ಯಲ್ಲ, ಅದು ನಂಗಿರಬೈದಾ ನೋಡು" ಎಂದು ಕುರ್ಚಿ ಎಳೆದುಕೊಂಡು ಕೂತರು. ಇಡೀ ಊರಿಗೆ ಊರೇ ಆ ಮಧ್ಯಾಹ್ನ ಸೌಟು ಕಳೆದುಕೊಂಡಿತ್ತು. ನನ್ನ ಊರು ಎಷ್ಟು ಸುಳ್ಳು ಹೇಳುತ್ತದೆ ಎಂದು ಅವತ್ತು ಗೊತ್ತಾಯಿತು, ಅದರ ಮೇಲೆ ಪ್ರೀತಿ ಉಕ್ಕಿಬಂತು.

ಆದರೆ ಕನ್ನಿಕಾ ಕಾಲೇಜಿಗೆ ಹೋಗಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಮರಿಸ್ವಾಮಿ ಎಲೆ ಅಡಿಕೆ ತಂದು ಇಟ್ಟು ಹೋದನೆಂದು ಬುಡೇನಣ್ಣ ಹೇಳಿದ. ಮರಿಸ್ವಾಮಿಯೂ ಎಲ್ಲವನ್ನೂ ಕೇಳಿಸಿಕೊಂಡಿದ್ದನಂತೆ. ಹುಡುಗಿಯದು ತಪ್ಪಿಲ್ಲ ಸರಿ, ಆದರೆ ಹೆಸರು ಗಾಳಿಗೆ ಬಿದ್ದಿದೆಯಲ್ಲ, ಬೇಗ ಮಾಡಿಬಿಡೋಣ ಎನ್ನುವುದು ಅವನ ವಾದ. ದೇವೀರಮ್ಮ ಎಲೆ ಅಡಿಕೆಯನ್ನು ಮುಟ್ಟಿಯೂ ಇಲ್ಲ, ವಾಪಸ್ಸು ಕೊಟ್ಟೂ ಇಲ್ಲ. ಶನಿವಾರದವರೆಗೆ ಸಮಯ ಕೇಳಿದ್ದಾಳೆ ಎಂದು ಸುದ್ದಿ. ನಾನು ಎರಡು ಸಲ ಅವಳ ಮನೆಗೆ ಹೋದೆ. ಮಾತ್ರೆ ನುಂಗಿಸುತ್ತಿದ್ದೇನೆ ಎಂದಳೇ ಹೊರತು ಬೇರೆ ಮಾತು ತೆಗೆಯಲಿಲ್ಲ. ನನಗೆ ಆ ವಾರ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಶನಿವಾರ ಗಿರಣಿಗೆ ಹೋದರೆ ಬಾಗಿಲಾಚೆವರೆಗೂ ಸಾಲು. ಹುಡುಗಿಯರಷ್ಟೇ ಅಲ್ಲ, ಅವರ ಅವ್ವಂದಿರು, ಸೊಸೆಯಂದಿರು, ಥೈರಾಯ್ಡಿನ ಅಜ್ಜಿ, ಎಲ್ಲರ ಕಂಕುಳಲ್ಲೂ ರಾಗಿ ಚೀಲ. ಬುಡೇನಣ್ಣ ಮಿಷನ್ನು ಹಾಕಿ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತ. ಇನ್ನೇನು ಶುರುಮಾಡಬೇಕು, ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ದೇವೀರಮ್ಮ ಬಂದಳು. ಕೈಯಲ್ಲಿ ಅಡುಗೆಮನೆಯ ದೊಡ್ಡ ಸೌಟು ಹಾಗೇ ಇತ್ತು, ಕೆಳಗಿಡುವುದನ್ನೂ ಮರೆತು ಬಂದಿದ್ದಳು. ಹಿಂದೆ ಕನ್ನಿಕಾ ತಲೆ ತಗ್ಗಿಸಿಕೊಂಡು ನಿಂತಳು.

ನನ್ನನ್ನು ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈಯಲಿ ಎಂದುಕೊಂಡೆ. ದೇವೀರಮ್ಮ ಮಿಷನ್ನಿನ ಪಕ್ಕಕ್ಕೆ, ಮಗಳು ಹೋದ ವಾರ ನಿಂತಿದ್ದ ಜಾಗಕ್ಕೇ ಹೋಗಿ ನಿಂತಳು. ಕತ್ತಿನ ನರ ಉಬ್ಬುವಂತೆ ಕೂಗಿದಳು.

"ಸಿಸ್ಟರ್! ನನ್ನ ಮದುವೆ ಮಾಡಿದಾಗ ನಂಗೆ ಹದಿನೈದು! ಮೊದಲನೇ ಕೂಸು ಹುಟ್ಟಿ ಒಂದಿನಾನೂ ಉಳೀಲಿಲ್ಲ! ನಾನು ಹುಣಿಸೆಹಣ್ಣು ತಿಂದೆ ಅಂದ್ರು! ಹೊಸ್ತಿಲ ಮೇಲೆ ಕೂತೆ ಅಂದ್ರು! ನೀನೇ ತಿಂದ್ಕೊಂಡೆ ಅಂದ್ಲು ನಮ್ಮತ್ತೆ! ನಾನೇನು ತಪ್ಪು ಮಾಡಿದ್ದೆ ಸಿಸ್ಟರ್? ಯಾರನ್ನ ಕೇಳೋದು ಅಂತ ಗೊತ್ತಾಗಲಿಲ್ಲ ನಂಗೆ!"

ಮಿಷನ್ನು ಗರಗರ ಎನ್ನುತ್ತಲೇ ಇತ್ತು. ಇಷ್ಟು ವರ್ಷ ಆ ತಟ್ಟೆಯನ್ನು ತೂತು ಬೀಳುವಂತೆ ಇವಳು ಯಾಕೆ ಬಡಿದಳು ಎಂದು ನನಗೆ ಆಗ ತಿಳಿಯಿತು.

"ನಿಂದೇನೂ ತಪ್ಪಿಲ್ಲ ಕಣವ್ವಾ!" ಎಂದು ಕೂಗಿದೆ. "ಹುಣಿಸೆಹಣ್ಣಿಂದಲ್ಲ, ಹೊಸ್ತಿಲಿಂದಲ್ಲ! ನೀನೇ ಆಗಿನ್ನೂ ಕೂಸು! ನಿನ್ನ ಮೈ ಇನ್ನೂ ಬೆಳೀಬೇಕಿತ್ತು, ಆ ಮಗೂಗೆ ಕೊಡೋಕೆ ಅದ್ರಲ್ಲಿ ಏನೂ ಇರಲಿಲ್ಲ! ನಿಂಗೆ ಮೊದಲೇ ಹೇಳಬೇಕಿತ್ತು ಯಾರಾದ್ರೂ! ತಪ್ಪು ನಿಂದಲ್ಲ, ಕೇಳಿಸ್ತಾ? ನಿಂದಲ್ಲ!"

ಕೇಳಿಸಿತು. ಸೌಟನ್ನು ರಾಗಿ ಚೀಲದ ಮೇಲಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕನ್ನಿಕಾ ಮುಂದೆ ಬಂದು ತಾಯಿಯನ್ನು ತಬ್ಬಿಕೊಂಡಳು. ಅಲ್ಲಿದ್ದ ಹೆಂಗಸರಲ್ಲಿ ಮೂಗು ಒರೆಸಿಕೊಳ್ಳದವರು ಯಾರಿದ್ದರು? ಹಿಟ್ಟು, ಕಣ್ಣೀರು ಬೆರೆತು ಎಲ್ಲರ ಮುಖವೂ ಒಂದೇ ಥರ ಆಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ದೇವೀರಮ್ಮ ಸೆರಗು ಕೆಳಗಿಳಿಸಿ, ಬಾಗಿಲಿಗೆ ಹೋಗಿ, ಬುಡೇನಣ್ಣನ ಬೆನ್ನು ತಟ್ಟಿ, ಮಿಷನ್ನು ನಿಲ್ಲಿಸು ಎಂದು ಸನ್ನೆ ಮಾಡಿದಳು. ಮಿಷನ್ನು ನಿಂತಿತು. ಅವಳು ಹೊಸ್ತಿಲ ಮೇಲೆ ನಿಂತು, ಮಗಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ತರಕಾರಿ ಮಾರುವವರಿಗಿಂತ ಮೆತ್ತಗಿನ ದನಿಯಲ್ಲಿ ಹೇಳಿದಳು.

"ಅಣ್ಣಯ್ಯಾ, ನಾನು ದೇವೀರಿ. ಎಲೆ ಅಡಿಕೆ ಹಂಗೇ ಇದೆ, ಬಂದು ತಗೊಂಡು ಹೋಗು. ಕನ್ನಿಕಾ ಸೋಮವಾರದಿಂದ ಕಾಲೇಜಿಗೆ ಹೋಗ್ತಾಳೆ. ಮದುವೆ ಮಾತು ಈಗಿಲ್ಲ. ವಯಸ್ಸು ತುಂಬಿದ ಮೇಲೂ ಯಾರಾದ್ರೂ ಕೇಳೋದಿದ್ರೆ ನನ್ನ ಕೇಳ್ಬೇಡಿ, ಅವಳನ್ನೇ ಕೇಳಿ."

ಆಮೇಲೆ ನನ್ನ ಕಡೆ ತಿರುಗಿ, "ಹೋಯ್ತಾ ಸಿಸ್ಟರ್?" ಎಂದು ಗಟ್ಟಿಯಾಗಿ ಕೇಳಿದಳು.

"ಊರಿಗೆಲ್ಲ ಹೋಯ್ತು ಕಣವ್ವ" ಎಂದೆ.

ದೇವೀರಮ್ಮ ಹೊಸ್ತಿಲಿನಿಂದ ಒಳಗೆ ಬಂದು, ಸೌಟು ಪಕ್ಕಕ್ಕೆ ಸರಿಸಿ ರಾಗಿ ಚೀಲದ ಮೇಲೆ ಕೂತಳು. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

"ಹಂಗಾದ್ರೆ ಮಿಷನ್ನು ಹಾಕು ಬುಡೇನಣ್ಣ" ಎಂದಳು. "ನನ್ನ ಮಗಳು ಇನ್ನೂ ಏನೋ ಕೇಳ್ಬೇಕಂತೆ."